ರಾಯರು ಕಾಡಿಗೆ ಹೊರಟರು

ನಿಮ್ಮ ಬಡಾವಣೆಯಲ್ಲೂ ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲಿ ಸೀನಿಯರ್ ಮ್ಯಾನೇಜರಾಗಿ ನಿವೃತ್ತರಾದವರು. ಆ ಬ್ಯಾಂಕು ಈಗ ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡೂ ಉಳಿದಿಲ್ಲ. ಆದರೆ ಚೇಂಬರಿನಲ್ಲಿ ಕೂತು ಹೇಳುವ ಅಭ್ಯಾಸ ಎಲ್ಲಿಯೂ ವಿಲೀನವಾಗಿಲ್ಲ. ಮಗ ಸಿಯಾಟಲ್‌ನಲ್ಲಿದ್ದಾನೆ, ಅಪ್ಪ ಫೋನ್ ಮಾಡಿದಾಗೆಲ್ಲ ಅವನಿಗೆ ಮೀಟಿಂಗು. ವಾಕಿಂಗ್ ಗೆಳೆಯರು ರಾಯರನ್ನು ಕಂಡೊಡನೆ ಪಾರ್ಕಿನ ಹಿಂದಿನ ಗೇಟು ಹಿಡಿಯುತ್ತಾರೆ. ಕೇಳುವವರೆಂದು ಉಳಿದಿರುವುದು ಮನೆಯಾಕೆ ಒಬ್ಬರೇ.

ಇಂಥ ರಾಯರಿಗೆ ಅರವತ್ತೆರಡರಲ್ಲಿ ರೋಡ್ ಟ್ರಿಪ್ಪಿನ ಹುಚ್ಚು ಹಿಡಿಯುತ್ತದೆ. ಹೋಟೆಲು ಬೇಡ, ರೆಸಾರ್ಟು ಬೇಡ. ಸಣ್ಣ ಸಣ್ಣ ಊರುಗಳಲ್ಲಿ ಹುಡುಗರು ತಂಗುವ ಬ್ಯಾಕ್‌ಪ್ಯಾಕರ್ ಹಾಸ್ಟೆಲ್ಲುಗಳೇ ಆಗಬೇಕು. ಡಿಕ್ಕಿಯಲ್ಲಿ ಶ್ರೀಮತಿಯವರ ಕಡೆಯಿಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಇಂಬಳಕ್ಕೆಂದು ಉಪ್ಪಿನ ಪೊಟ್ಟಣ. ರಾಯರ ಕಡೆಯಿಂದ ಬೈನಾಕ್ಯುಲರ್ ಮತ್ತು ಗಾಡಿಯ ಸಕಲ ದಾಖಲೆಗಳ ಎರಡೆರಡು ಜೆರಾಕ್ಸ್, ಎಲ್ಲಕ್ಕೂ ಅವರದೇ ಸಹಿ.

"ದಶಪಥದಲ್ಲೇ ಹೋಗಬಹುದಲ್ಲಾ ರೀ?"

"ಟೋಲೂ ಕಟ್ಟಿ, ಮದ್ದೂರು ವಡೆಯನ್ನೂ ಕಳಕೊಳ್ಳೋದಾ?"

ಹಾಗಾಗಿ ಸರ್ವಿಸ್ ರಸ್ತೆ. ಮದ್ದೂರಿನಲ್ಲಿ ವಡೆ ತಿನ್ನಲು ಹತ್ತು ನಿಮಿಷ. ಅದರಲ್ಲಿ ರವೆ ಎಷ್ಟು, ಅಕ್ಕಿಹಿಟ್ಟು ಎಷ್ಟು ಇರಬೇಕೆಂದು ಸಪ್ಲೈಯರಿಗೆ ತಿಳಿಸಿಕೊಡಲು ಮುಕ್ಕಾಲು ಗಂಟೆ. ನಂಜನಗೂಡಿನಲ್ಲಿ ಹಣ್ಣಿನಂಗಡಿಯವನಿಗೆ ರಸಬಾಳೆಯ ಚರಿತ್ರೆ. ಗುಂಡ್ಲುಪೇಟೆ ದಾಟಿ, ವಯನಾಡಿನ ದಾರಿಯಲ್ಲಿ ಸಿಗುವ ಇನ್ನೊಂದು ಮದ್ದೂರಿನ ಚೆಕ್‌ಪೋಸ್ಟ್ ಮುಟ್ಟಿದಾಗ ರಾತ್ರಿ ಒಂಬತ್ತು ಗಂಟೆ ಐದು ನಿಮಿಷ. ಗೇಟು ಬಿದ್ದಿತ್ತು. ಮೊದಲನೆಯ ಮದ್ದೂರಿನಲ್ಲಿ ಮಾಡಿದ್ದನ್ನು ಎರಡನೆಯ ಮದ್ದೂರಿನಲ್ಲಿ ಉಣ್ಣಬೇಕಾಯಿತು.

ಬೇರೆಯವರಾಗಿದ್ದರೆ ಗೋಗರೆಯುತ್ತಿದ್ದರು, ಇಲ್ಲವೇ ಯಾರಿಗಾದರೂ ಫೋನ್ ಹಚ್ಚುತ್ತಿದ್ದರು. ರಾಯರು ಅಂಥವರಲ್ಲ. ಕಾರಿನಿಂದಿಳಿದು ಗಾರ್ಡಿಗೇ ಆ ನಿಯಮವನ್ನು ವಿವರಿಸತೊಡಗಿದರು.

"ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಬಂದ್. 2009ರಲ್ಲಿ ಡಿ.ಸಿ. ಆದೇಶ, 2010ರಲ್ಲಿ ಹೈಕೋರ್ಟು ಎತ್ತಿಹಿಡೀತು. ಯಾಕೆ ಹೇಳಪ್ಪಾ? ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ವು."

"ಗೊತ್ತು ಸಾರ್, ದಿನಾ ಗೇಟ್ ಹಾಕೋನು ನಾನೇಯ."

"ಗೊತ್ತಿದ್ದರೆ ಸಾಲದು, ಹಿನ್ನೆಲೆ ತಿಳಿದಿರಬೇಕು."

ಗೇಟು ಬಿಟ್ಟು ಗಾರ್ಡು ಎಲ್ಲಿಗೂ ಹೋಗುವಂತಿರಲಿಲ್ಲ. ರಾತ್ರಿ ಹೊತ್ತು ಕಾಡುಪ್ರಾಣಿಗಳಿಗೆ ರಕ್ಷಣೆ ಕೊಟ್ಟ ಕಾನೂನು ಚೆಕ್‌ಪೋಸ್ಟಿನ ಬಡಪಾಯಿಗೆ ಏನನ್ನೂ ಕೊಟ್ಟಿಲ್ಲ.

ಆ ರಾತ್ರಿ ಗುಂಡ್ಲುಪೇಟೆಯ ಲಾಡ್ಜು. ಬೆಳಗ್ಗೆ ಗೇಟು ತೆಗೆದ ಮೇಲೆ ಸುಲ್ತಾನ್ ಬತ್ತೇರಿ, ಮಾನಂದವಾಡಿ, ಕುಟ್ಟದ ಕಾಡು, ಮಡಿಕೇರಿ, ಸಕಲೇಶಪುರ. ಊರು ಯಾವುದಾದರೂ ಹಾಸ್ಟೆಲ್ಲಿನ ದೃಶ್ಯ ಒಂದೇ. ಒಂದರ ಮೇಲೊಂದು ಮಂಚ, ಮಂಚಕ್ಕೊಂದು ಪರದೆ, ಪರದೆಯೊಳಗೆ ಲ್ಯಾಪ್‌ಟಾಪಿನ ಬೆಳಕಲ್ಲಿ ಒಂದೊಂದು ಮುಖ. ರಾಯರು ಕೌಂಟರಿನ ಹುಡುಗಿಯ ಹತ್ತಿರ ಸೀನಿಯರ್ ಸಿಟಿಜನ್ ಕೋಟಾದಲ್ಲಿ ಲೋಯರ್ ಬರ್ತ್ ಕೇಳುತ್ತಾರೆ. ಅಮ್ಮಾವ್ರು ಮಾತಿಲ್ಲದೆ ಹೆಂಗಸರ ಡಾರ್ಮಿಟರಿಯ ಬೀಗದ ಕೈ ಇಸಕೊಂಡು ಮೆಟ್ಟಿಲು ಹತ್ತುತ್ತಾರೆ.

ರಾಯರ ಡಾರ್ಮಿಟರಿಯಲ್ಲಿ ಮೊದಲ ಅರ್ಧ ಗಂಟೆ ಪರದೆಗಳು ಎಳೆದುಕೊಂಡೇ ಇರುತ್ತವೆ. ಆಮೇಲೆ ಯಾವನೋ ಒಬ್ಬ, ಹಳೇ ಕಂಪನಿಯಲ್ಲಿ ಉಳಿದ ಪಿ.ಎಫ್. ದುಡ್ಡು ವರ್ಗ ಆಗುತ್ತಿಲ್ಲವೆಂದು ಫೋನಿನಲ್ಲಿ ಯಾರಿಗೋ ಗೋಳು ಹೇಳಿಕೊಳ್ಳುತ್ತಾನೆ. ಅಷ್ಟು ಸಾಕು. ರಾಯರು ಕನ್ನಡಕ ಏರಿಸುತ್ತಾರೆ. ಹತ್ತು ಗಂಟೆಗೆ ಅವನ ಯು.ಎ.ಎನ್., ಹನ್ನೊಂದಕ್ಕೆ ಪಕ್ಕದವನ ಗೃಹಸಾಲ, ಹನ್ನೆರಡಕ್ಕೆ ಮೇಲಿನ ಮಂಚದವನ ನಾಮಿನೇಷನ್. ಮನೆಯಲ್ಲಿ ಅಪ್ಪ ಹೇಳಿದರೆ ಹೆಡ್‌ಫೋನ್ ಹಾಕಿಕೊಳ್ಳುವ ಹುಡುಗರು ಇಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಅಪ್ಪ ಹೇಳಿದ್ದನ್ನು ಮಾಡಿದೆಯಾ ಎಂದು ನಾಳೆಯೂ ವಿಚಾರಿಸುತ್ತಾನೆ. ರಾಯರು ಬೆಳಗ್ಗೆ ಎದ್ದು ಹೊರಟುಹೋಗುತ್ತಾರೆ.

ಕಾಡಿನ ಬಗ್ಗೆಯೂ ರಾಯರಿಗೆ ಗೊತ್ತಿಲ್ಲದ್ದಿಲ್ಲ. ಬೈನಾಕ್ಯುಲರ್ ಮಾತ್ರ ಚೀಲದಿಂದ ಹೊರಗೆ ಬಂದದ್ದಿಲ್ಲ. ಆಗುಂಬೆಯಲ್ಲಿ ಮಳೆ ಹೊಯ್ಯುತ್ತಿತ್ತು. ಕರೆಂಟು ಹೋಗಿ, ಅದರ ಹಿಂದೆಯೇ ವೈಫೈಯೂ ಹೋದ ಮೇಲೆ ಹಜಾರದಲ್ಲಿದ್ದ ಹುಡುಗರಿಗೆ ರಾಯರ ಹೊರತು ಗತಿಯಿರಲಿಲ್ಲ.

"ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲೇ ಯಾಕೆ ಸಂಶೋಧನಾ ಕೇಂದ್ರ ಶುರುಮಾಡಿದ? ಕಾಳಿಂಗ ಸರ್ಪ! ಹಾವುಗಳಲ್ಲಿ ಗೂಡು ಕಟ್ಟೋದು ಇದೊಂದೇ. ಹೆಣ್ಣು ತರಗೆಲೆ ಗುಡ್ಡೆಹಾಕಿ, ಮೊಟ್ಟೆಯಿಟ್ಟು, ವಾರಗಟ್ಟಲೆ ಕಾವಲು ಕೂರುತ್ತೆ."

"ಗಂಡು ಏನ್ ಮಾಡತ್ತೆ?" ಮೂಲೆಯಿಂದ ಅಮ್ಮಾವ್ರು ಕೇಳಿದರು.

"ಅದು ತನ್ನ ಪಾಡಿಗೆ ತಾನು ಹೊರಟುಹೋಗುತ್ತೆ."

"ಪುಣ್ಯವಂತೆ."

ಹುಡುಗರು ನಕ್ಕರು. ತಮ್ಮ ಉಪನ್ಯಾಸ ಹಿಡಿಸಿತೆಂದು ರಾಯರು ಮುಂಗುಸಿಯ ವಿಷಯಕ್ಕೆ ಹೊರಳಿದರು.

ಈ ವಯಸ್ಸಿನಲ್ಲಿ ಹಾಸ್ಟೆಲ್ ವಾಸ ಯಾಕೆಂದು ಬಡಾವಣೆಯ ಹೆಂಗಸರು ಅಮ್ಮಾವ್ರನ್ನು ಕನಿಕರದಿಂದ ಕೇಳುವುದುಂಟು. ಬಾತ್‌ರೂಮು ಹಂಚಿಕೊಳ್ಳಬೇಕು, ಊಟ ಸರಿಯಿರೋಲ್ಲ, ರಾಯರ ಹಟಕ್ಕೆ ಪಾಪ ಇವರು ತಿರುಗಬೇಕು ಅಂತ. ಅಮ್ಮಾವ್ರು ನಗುತ್ತಾರೆ. ಹಾಸ್ಟೆಲ್ಲು ಹುಡುಕುವವರು, ಫೋನಿನಲ್ಲಿ ಬುಕ್ ಮಾಡುವವರು, "ಹುಡುಗರ ಜೊತೆ ಇದ್ದರೆ ನೀವೂ ಹುಡುಗರಾಗ್ತೀರಿ" ಎಂದು ರಾಯರ ಕಿವಿಯಲ್ಲಿ ಮೊದಲು ಊದಿದವರು, ಎಲ್ಲವೂ ಅವರೇ.

"ಹೋಂಸ್ಟೇಲಿ ಇಬ್ಬರಿಗೆ ಒಂದೇ ರೂಮು ಕಣ್ರೀ, ಕೇಳೋಕೆ ನಾನೊಬ್ಬಳೇ. ಹಾಸ್ಟೆಲ್ಲಿನಲ್ಲಿ ಅವರ ಪಾಲಿಗೆ ಎಂಟು ಮಂಚ, ನನ್ನ ಪಾಲಿಗೆ ನಿದ್ದೆ."

ಮುಂದಿನ ತಿಂಗಳು ದಾಂಡೇಲಿ. ಹನ್ನೆರಡು ಮಂಚದ ಡಾರ್ಮಿಟರಿ ಇರುವ ಜಾಗ ಸಿಕ್ಕಿದೆಯಂತೆ. ಎರಡು ರಾತ್ರಿಗೆಂದು ಹೊರಟವರು, ಅಮ್ಮಾವ್ರ ಒತ್ತಾಯದ ಮೇಲೆ ಐದು ರಾತ್ರಿ ಮಾಡಿದ್ದಾರೆ.