ಜೀರಂಗಿ ಮತ್ತು ಮಲಗಿದ ಬುದ್ಧ

‘ಯಪ್ಪಾ, ಕಡ್ಡಿಪೆಟ್ಟಿಗ್ಯಾಗ ಜೀರಂಗಿ ಹಾಕಿಟ್ಟಂಗ ಅದಲ್ಲೋ!’

ನನ್ನ ಕಂಪ್ಯೂಟರ್ ಓದುವುದನ್ನು ಕೇಳಿ ನಮ್ಮವ್ವ ಕೊಟ್ಟ ಸರ್ಟಿಫಿಕೇಟು ಇದು.

ಕಣ್ಣಿಲ್ಲದ ನನಗೆ ಪರದೆ ಓದಿ ಹೇಳುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್, ತಾನೂ ಕಣ್ಣು ಕಾಣದವನೇ, 2006ರಲ್ಲಿ ಕಟ್ಟತೊಡಗಿದ ತಂತ್ರಾಂಶ; ಪುಕ್ಕಟೆ. ಅದರ ಮಾತಿನ ವೇಗಕ್ಕೆ 0ಯಿಂದ 100ರ ತನಕ ಅಳತೆ. ನಾನು ಕೇಳುವುದು 80ರಲ್ಲಿ. ಅದರಲ್ಲಿ ಅಗತ್ಯ ಅರ್ಧ, ಜಂಬ ಅರ್ಧ. ಹುಡುಗರು ಬೈಕಿನ ವೇಗ ಹೇಳಿ ಮೀಸೆ ತಿರುವುವಂತೆ ನಾವು ಈ ಅಂಕಿ ಹೇಳಿಕೊಳ್ಳುತ್ತೇವೆ. ನಮಗೆ ದಂಡ ಹಾಕುವ ಪೊಲೀಸರೂ ಇಲ್ಲ.

ಹೊಸದಾಗಿ ಕಂಪ್ಯೂಟರ್ ಕಲಿಯುವವರಿಗೆಂದು ಯಾದಗಿರಿಯ ಮನೆಯಲ್ಲಿ ಕೂತು ಆಡಿಯೊ ಪಾಠ ಮಾಡಿದೆ. ನಾನು ವಿವರಿಸುವುದು, ನಡುನಡುವೆ ಯಂತ್ರ ಓದುವುದು. ಸುರಪುರದ ಶಿಷ್ಯನ ಫೋನು ಬಂತು: ‘ಸರ, ನೀವು ಅಂದದ್ದು ತಿಳೀತ್ರಿ. ಅದು ಅಂದದ್ದು ತಿಳೀಲಿಲ್ರಿ.’

‘ಪಾಠಾನೇ ನಿಧಾನ ಮಾಡಿ ಕೇಳಪಾ’ ಅಂದೆ. ಮರುದಿನ ಮತ್ತೆ ಫೋನು: ‘ಈಗ ಅದರ ಮಾತು ತಿಳೀತದರಿ. ಆದ್ರ ನೀವು ಕುಡದವರಂಗ ಮಾತಾಡ್ತೀರಿ.’

ಮರ್ಯಾದೆಯ ಪ್ರಶ್ನೆ. ಯಂತ್ರವನ್ನು 10ಕ್ಕೆ ಇಳಿಸಿ ಹೊಸದಾಗಿ ರೆಕಾರ್ಡ್ ಮಾಡಿದೆ. ಶಹಾಪುರದ ಇನ್ನೊಬ್ಬ ಶಿಷ್ಯ ಗೊಣಗಿದ: ‘ಸರ, ಒಂದು ಮೆನು ಓದಿ ಮುಗಸೂದ್ರಾಗ ಚಾ ಕುಡದು ಬಂದೆ.’

ಇದೇ ಚಿಂತೆಯಲ್ಲಿ ಸುರಪುರದ ಬಸ್ ಹತ್ತಲು ನಿಂತಿದ್ದೆ. ಕಂಡಕ್ಟರ್ ಕೂಗುತ್ತಿದ್ದ: ‘ಶಾಪುರ್ಸುರ್ಪುರ್ಶಾಪುರ್ಸುರ್ಪುರ್!’ ಅವನ ವೇಗ 100ರ ಮೇಲೆಯೇ. ಆದರೂ ನಮ್ಮೂರವರೆಲ್ಲ ಸರಸರ ಹತ್ತಿದರು. ಪರವೂರಿನ ಒಬ್ಬಾತ ಮಾತ್ರ ‘ಏನಂದ್ರು?’ ಅಂತ ನನ್ನನ್ನೇ ಕೇಳಿದ. ಆಗ ಹೊಳೆಯಿತು: ನಮ್ಮ ಕಿವಿ ಚುರುಕೇನೂ ಅಲ್ಲ, ಊರಿನ ಹೆಸರು ಮೊದಲೇ ಗೊತ್ತಿತ್ತು ಅಷ್ಟೇ. 80ರಲ್ಲಿ ನಾನು ಕೇಳುವುದೂ ಹಾಗೆಯೇ. ‘ಬಟನ್’ ಎಂದು ತಿಳಿಯಲು ‘ಬ’ ಸಾಕು, ಉಳಿದದ್ದು ತಲೆಯಲ್ಲೇ ಇದೆ. ಹೊಸಬನಿಗೆ ಮೆನು, ಟ್ಯಾಬ್, ಲಿಂಕ್ ಎಲ್ಲವೂ ಪರವೂರೇ.

ಶಹಾಪುರ ಹತ್ತಿರವಾಯಿತು. ಪಕ್ಕದ ಅಜ್ಜ, ‘ಬುದ್ಧ ಮಲಗಿದ ಗುಡ್ಡ ಬಂತು ನೋಡ್ರಿ’ ಅಂದವನು, ನನ್ನ ಕಣ್ಣಿನ ಕಡೆ ಲಕ್ಷ್ಯ ಹೋಗಿ ಸುಮ್ಮನಾದ. ಆಮೇಲೆ ನನ್ನ ಮುಂಗೈ ಹಿಡಿದು ಬೆರಳಾಡಿಸಿದ: ‘ಇದು ತಲಿ... ತಿಳೀತ? ಇದು ಎದಿ... ಮುಂದ ಹೋಗ್ಲಾ?’ ಕಾಲಿಗೆ ಬರುವಷ್ಟರಲ್ಲಿ ಬಸ್ಸು ನಿಲ್ದಾಣದೊಳಗಿತ್ತು. ಅಜ್ಜ ಅವಸರ ಮಾಡಲಿಲ್ಲ. ಬುದ್ಧನ ಪಾದ ಮುಗಿಸಿಯೇ ಇಳಿದ.

ಮನೆಗೆ ಬಂದು ಯಂತ್ರವನ್ನು 30ಕ್ಕೆ ಇಟ್ಟೆ. ವೇಗ ಏರಿಸುವ, ಇಳಿಸುವ ಕೀಲಿಗಳನ್ನೇ ಮೊದಲ ಪಾಠ ಮಾಡಿದೆ. ಇನ್ನು ಅವರವರ ಕಿವಿ, ಅವರವರ ಅಂಕಿ. ಪ್ರತಿ ಹೆಜ್ಜೆಗೂ ತಡೆದು ಕೇಳಿದೆ: ‘ತಿಳೀತ? ಮುಂದ ಹೋಗ್ಲಾ?’

ಅಡುಗೆಮನೆಯಿಂದ ಅವ್ವನ ದನಿ ಬಂತು:

‘ತಡಿಯೋ, ಆ ಕಂಟ್ರೋಲ್ ಅಂಬೂದು ಯಾವ ಗುಂಡಿ?’