ಏರ್ಕಾಡು–ತೊಪ್ಪೂರು ಸೀಮೆಯ ಬ್ರೇಕ್ ಮೀಮಾಂಸೆ

ಉಪೋದ್ಘಾತ

ಕಾರು ಓಡಿಸುವ ವಿಷಯದಲ್ಲಿ ಲೋಕದಲ್ಲಿ ಪಂಡಿತರಿಗೆ ಬರವಿಲ್ಲ. ನಿಲ್ಲಿಸುವ ವಿಷಯದಲ್ಲಿ ಮಾತ್ರ ಪಾಂಡಿತ್ಯ ತೀರ ತೆಳು. ಹೊಸ ಕಾರು ಕಂಡೊಡನೆ ‘ಮೈಲೇಜ್ ಎಷ್ಟು?’ ಎಂದು ಕೇಳದ ಭಾವಮೈದುನನಿಲ್ಲ. ‘ಬ್ರೇಕ್ ಪ್ಯಾಡು ಎಷ್ಟು ಮಿಲಿಮೀಟರ್ ಉಳಿದಿದೆ?’ ಎಂದು ಕೇಳಿದ ಭಾವಮೈದುನ ಈವರೆಗೆ ಯಾವ ಶಾಸನದಲ್ಲೂ ದಾಖಲಾಗಿಲ್ಲ. ಈ ಮಹತ್ತರ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ ಅವತರಿಸಿದೆ.

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಸಣ್ಣ ಕಾರಿನ ಸವೆದ ಬ್ರೇಕು. ಪ್ರಯೋಜನ: ಸೋಮವಾರ ಆಫೀಸಿಗೆ ಹೋಗಲು ಬೇಕಾಗುವಷ್ಟು ಆಯುಸ್ಸು. ಸಂಬಂಧ: ಪೆಡಲಿಗೂ ಚಕ್ರಕ್ಕೂ ನಡುವೆ ಬ್ರೇಕ್ ಆಯಿಲ್ ಕಾಪಾಡಿಕೊಂಡು ಬಂದಿರುವಂಥದ್ದು. ಅಧಿಕಾರಿ: ಶನಿವಾರ ನಸುಕಿಗೇ ಬೆಂಗಳೂರು ಬಿಟ್ಟು, ಹೊಸೂರು, ಕೃಷ್ಣಗಿರಿ ದಾಟಿ, ಧರ್ಮಪುರಿಯಲ್ಲಿ ಇಡ್ಲಿ ತಿಂದು, ಐದು ಜನರನ್ನೂ ಏಳು ಬ್ಯಾಗುಗಳನ್ನೂ ಹೇರಿಕೊಂಡು ಏರ್ಕಾಡಿಗೆ ಹೊರಟ ಗೃಹಸ್ಥ.

ಚಾರಿತ್ರಿಕ ಹಿನ್ನೆಲೆ

ಧರ್ಮಪುರಿ ಹಿಂದೆ ತಗಡೂರು. ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಇಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದರು. ಬಸದಿಗೆ ಬಿಟ್ಟ ದತ್ತಿಯ ವಿವರ ಅವುಗಳಲ್ಲಿದೆ, ಬ್ರೇಕಿನ ಸುದ್ದಿಯಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಸೀಮೆ ಕಂಪನಿಯ ಪಾಲಾದಾಗ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಇಲ್ಲಿನ ಹೊಲಗಳನ್ನು ಅಳೆದು ಕಂದಾಯ ಕಟ್ಟಿದರು. ಪ್ಯಾಡು ಅಳೆಯುವ ಗೋಜಿಗೆ ಅವರೂ ಹೋಗಲಿಲ್ಲ.

ನಮ್ಮ ಶಾಸ್ತ್ರಕ್ಕೆ ಒದಗುವ ಪುರಾವೆ ಇವೆರಡರ ನಡುವೆ ಇದೆ. 1790ರ ನವೆಂಬರಿನಲ್ಲಿ ಟಿಪ್ಪು ಸುಲ್ತಾನ ಮೆಡೋಸ್ ಮತ್ತು ಮ್ಯಾಕ್ಸ್‌ವೆಲ್ಲರ ಸೇನೆಗಳ ಕೈಗೆ ಸಿಗದೆ ತೊಪ್ಪೂರು ಕಣಿವೆಯಲ್ಲಿ ದಕ್ಷಿಣಕ್ಕೆ ಇಳಿದುಹೋದ. ತೊಪ್ಪೂರನ್ನು ಅವಸರದಲ್ಲಿ ಇಳಿಯಲು ಸಕಾರಣವಿದ್ದ ಕೊನೆಯ ಪ್ರಯಾಣಿಕ ಆತನೇ ಎಂಬುದು ಪ್ರಬಂಧಕಾರನ ದೃಢ ಮತ. ಈಗ ಅದೇ ಘಾಟಿ ಶ್ರೀನಗರ–ಕನ್ಯಾಕುಮಾರಿ ನಡುವಿನ ರಾಷ್ಟ್ರೀಯ ಹೆದ್ದಾರಿ 44ರ ಒಂದು ತುಂಡು. ಇಳಿಯುವವರ ಬೆನ್ನಿಗೆ ಈಗ ಸೈನ್ಯವಿಲ್ಲ, ಸಿಮೆಂಟ್ ಹೇರಿದ ಲಾರಿ ಇದೆ.

ಪ್ರಮಾಣ ವಿಚಾರ

ಪ್ಯಾಡು ಸವೆದಿದೆ ಎಂದು ತಿಳಿಯುವ ದಾರಿಗಳು ಮೂರು.

ಒಂದು, ಪ್ರತ್ಯಕ್ಷ. ಮುಂದಿನ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಹೊಳೆಯುವ ಡಿಸ್ಕು, ಅದನ್ನು ಕವಿದ ಕ್ಯಾಲಿಪರ್, ಒಳಗೆ ತಗಡಿಗೆ ಅಂಟಿದ ಪ್ಯಾಡು ಕಾಣುತ್ತವೆ. ಹೊಸ ಪ್ಯಾಡಿನ ಸರಕು ಸುಮಾರು 10 ಮಿಲಿಮೀಟರ್ ದಪ್ಪ. 3ಕ್ಕೆ ಇಳಿದರೆ ಬದಲಿಸುವ ಕಾಲ ಬಂತು. ಎಷ್ಟೋ ಪ್ಯಾಡುಗಳ ನಡುವೆ ಒಂದು ಗೀರು ಕೊರೆದಿರುತ್ತಾರೆ. ಆ ಗೀರು ಮಾಸಿತೆಂದರೆ ಪ್ಯಾಡಿನ ಹಣೆಬರಹವೂ ಮಾಸಿತೆಂದೇ ಅರ್ಥ. ಡಿಸ್ಕಿನ ಅಂಚಿನ ಮೇಲೆ ಉಗುರು ಎಳೆದಾಗ ಮೆಟ್ಟಿಲು ತಗುಲಿದರೆ ಡಿಸ್ಕೂ ಸವೆದಿದೆ.

ಎರಡು, ಅನುಮಾನ. ಸೋರಿಕೆಯಿಲ್ಲದೆ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಇಳಿದಿದ್ದರೆ, ಪ್ಯಾಡು ತೆಳುವಾದಷ್ಟೂ ಪಿಸ್ಟನ್ ಮುಂದೆ ಬಂದು, ಆ ಜಾಗವನ್ನು ಆಯಿಲ್ ತುಂಬಿದೆ ಎಂದು ಊಹಿಸಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನೈಯಾಯಿಕರ ಹಳೆಯ ಅಭ್ಯಾಸ. ಘಾಟಿಯಲ್ಲಿ ಚಕ್ರದಿಂದ ಹೊಗೆ ಕಂಡ ಮೇಲೆ ಊಹಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಮೂರು, ಶಬ್ದ. ಪ್ಯಾಡು ಮುಗಿಯುತ್ತ ಬಂದಾಗ ಡಿಸ್ಕಿಗೆ ಉಜ್ಜಿ ಕಿರುಗುಟ್ಟಲೆಂದೇ ಅನೇಕ ಪ್ಯಾಡುಗಳಿಗೆ ಒಂದು ಲೋಹದ ನಾಲಿಗೆ ಇಟ್ಟಿರುತ್ತಾರೆ. ಕೀಚಲು ದನಿ ಕರಕರ ಎಂಬ ಒರಟು ಸದ್ದಾಯಿತೆಂದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ.

ಪೂರ್ವಪಕ್ಷ

ಈ ಪ್ರಮಾಣಗಳನ್ನು ಒಪ್ಪದ ಮತಗಳು ಮೂರು.

ಸಂಗೀತವಾದಿಗಳು: ಕಿರುಗುಟ್ಟುವ ಸದ್ದಿಗೆ ಸ್ಟೀರಿಯೊ ಜೋರು ಮಾಡುವುದೇ ಪರಿಹಾರ ಎಂಬುದು ಇವರ ಮತ. ಇಳಯರಾಜರ ಹಾಡು ಮುಗಿಯುವವರೆಗೂ ಈ ಮತಕ್ಕೆ ಬಾಧೆಯಿಲ್ಲ.

ನಿಂಬೆವಾದಿಗಳು: ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಕರಿದಾರ ಎಂದು ಇವರು ಸಾಧಿಸುತ್ತಾರೆ. ನಿಂಬೆಯನ್ನು ಪ್ರಬಂಧಕಾರ ಅಲ್ಲಗಳೆಯುವುದಿಲ್ಲ. ಆದರೆ ಅದು ಹೊರಡುವಾಗ ಚಕ್ರದ ಅಡಿಯಲ್ಲಿರುತ್ತದೆ, ನಿಲ್ಲಬೇಕಾದಾಗ ಊರಲ್ಲಿರುತ್ತದೆ.

ನ್ಯೂಟ್ರಲ್ ವಾದಿಗಳು: ಇವರೇ ಪ್ರಬಲರು. ಗೇರೆಂಬುದೇ ಬಂಧನ, ಅದನ್ನು ಬಿಟ್ಟವನಿಗೆ ಪೆಟ್ರೋಲಿನಿಂದ ಮುಕ್ತಿ ಎನ್ನುತ್ತಾರೆ. ತೊಪ್ಪೂರಿನಲ್ಲಿ ಈ ಮತಕ್ಕೆ ಲಾರಿ ಶಾಖೆಯೂ ಇದೆ. ಅದನ್ನು ಖಂಡಿಸಿ ಪೊಲೀಸರು ಬೋರ್ಡು ಹಾಕಿದ್ದಾರೆ. ಇಲ್ಲಿ ಮಾತ್ರ ತಮಾಷೆ ನಿಲ್ಲಿಸಬೇಕು: 2024ರ ಜನವರಿಯಲ್ಲಿ ಹತೋಟಿ ತಪ್ಪಿದ ಲಾರಿಯೊಂದರಿಂದ ಈ ಘಾಟಿಯಲ್ಲಿ ವಾಹನಗಳು ಒಂದಕ್ಕೊಂದು ಗುದ್ದಿಕೊಂಡು ನಾಲ್ವರು ಸತ್ತರು. ನಡುವೆ ಸಿಕ್ಕಿಕೊಂಡದ್ದರಲ್ಲಿ ಒಂದು ಕಾರೂ ಇತ್ತು.

ಸಿದ್ಧಾಂತ

ಸೇಲಂನಿಂದ ಏರ್ಕಾಡು ಸುಮಾರು 1,200 ಮೀಟರ್ ಎತ್ತರದಲ್ಲಿದೆ. ದಾರಿಯಲ್ಲಿ 20 ಹೇರ್‌ಪಿನ್ ತಿರುವು. ಜನ, ಸಾಮಾನು ಸೇರಿ 1,100 ಕೆ.ಜಿ. ತೂಗುವ ಕಾರು ಅಷ್ಟು ಕೆಳಗಿಳಿಯುವಾಗ ಕಳೆದುಕೊಳ್ಳುವ ಶಕ್ತಿ ಸುಮಾರು 1.3 ಕೋಟಿ ಜೌಲ್, ಅಂದರೆ 40 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ತಿರುವಿಗೆ 2 ಲೀಟರಿನಂತೆ 20 ಟೀ ಅಂಗಡಿ ನಡೆಸಬಹುದು. ಗಾಳಿಯೂ ಟೈರೂ ಒಂದಷ್ಟು ನುಂಗಿದರೂ, ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿದ ಶಾಖವೆಲ್ಲ ಬ್ರೇಕಿನ ತಲೆಗೇ. ಎರಡನೆಯ ಗೇರಿನಲ್ಲಿ ಇಳಿದರೆ ಇಂಜಿನ್ ಪಾಲು ಹೊರುತ್ತದೆ. ಇಂಜೆಕ್ಷನ್ ಇರುವ ಇಂದಿನ ಕಾರಿನಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲೇ ನಿಂತುಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಿರಲು ಹನಿಹನಿ ಕುಡಿಯುತ್ತಲೇ ಇರುತ್ತದೆ. ಹೀಗೆ ನ್ಯೂಟ್ರಲ್ ಮತ ಉಳಿತಾಯವೆಂಬ ತನ್ನ ಅಖಾಡದಲ್ಲೇ ಮಣ್ಣುಮುಕ್ಕಿತು.

ಶಾಖದ ಇನ್ನೊಂದು ಬಲಿ ಬ್ರೇಕ್ ಆಯಿಲ್. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದು; ಗಾಳಿಯ ತೇವ ಹೀರಿ ಹಳತಾದರೆ ಆ ಮಿತಿ 140ರ ಆಸುಪಾಸಿಗೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂಬ ವಿಧಿ ಇದಕ್ಕೇ.

ಪ್ರಯೋಗ

ಗುರುವೂ ಶಿಷ್ಯನೂ ಸಂಧಿಸುವುದು ಧರ್ಮಪುರಿಯ ಬೈಪಾಸಿನ ವರ್ಕ್‌ಶಾಪಿನಲ್ಲಿ. ಸಂವಾದ ಹೀಗೆ ಸಾಗುತ್ತದೆ:

‘ಪ್ಯಾಡ್ ಮುಗಿದೋಗಿದೆ ಸಾರ್. ಇನ್ನು ಇರೋದು ತಗಡು ಮಾತ್ರ.’

‘ಬೆಂಗಳೂರು ಮುಟ್ಟೋ ತನಕ ತಡೆಯುತ್ತೇನಪ್ಪಾ?’

‘ತಡೆಯಲ್ಲ ಅಂತ ತಾನೇ ಸಾರ್ ಹೇಳ್ತಿರೋದು!’

ಬಳಿಕ ಕರ್ಮಕಾಂಡ. ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಕಲ್ಲು. ನಟ್ಟುಗಳನ್ನು ಜಾಕಿ ಏರಿಸುವ ಮೊದಲೇ ಸಡಿಲಿಸಬೇಕು. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಬೇಕು, ಜಾಕಿಯೊಂದನ್ನೇ ನಂಬಿ ಕಾರಿನಡಿ ಕೈಕಾಲು ಹಾಕುವುದು ನಿಷಿದ್ಧ. ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಮೇಲಕ್ಕೆ ಮಡಚಿ, ತಂತಿಯಲ್ಲಿ ಕಟ್ಟಬೇಕು. ಹೋಸಿನ ಮೇಲೆ ಭಾರ ಬಿಡಬಾರದು. ಹಳೆಯ ಪ್ಯಾಡು ತೆಗೆದು, ಪಿಸ್ಟನ್ನನ್ನು ನಿಧಾನವಾಗಿ ಒಳಗೆ ಒತ್ತುವಾಗ ಆಯಿಲ್ ಡಬ್ಬಿ ಉಕ್ಕದಂತೆ ಕಣ್ಣಿಡಬೇಕು. ಕರಿಹುಡಿಯನ್ನು ಬಾಯಿಂದ ಊದಬಾರದು. ಒಂದೇ ಬದಿ ಬದಲಿಸಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಆದ್ದರಿಂದ ಎರಡೂ ಬದಿ ಒಟ್ಟಿಗೆ.

ಕಡೆಯ ವಿಧಿಯೇ ಪ್ರಧಾನ: ಚಕ್ರ ಹಾಕಿದ ಮೇಲೆ, ಕಾರು ಒಂದಡಿಯೂ ಅಲುಗುವ ಮೊದಲು, ಗಟ್ಟಿಯಾಗುವ ತನಕ ಪೆಡಲ್ ಒತ್ತಬೇಕು. ಮರೆತವರ ಮೊದಲ ಒತ್ತು ಗಾಳಿಗೆ, ಎರಡನೆಯದು ವರ್ಕ್‌ಶಾಪಿನ ಗೋಡೆಗೆ.

ಹಿಂದಿನ ಚಕ್ರದ ಡ್ರಮ್ ಬೇರೆ ಸಂಪ್ರದಾಯ: ಬಿಚ್ಚದೆ ಒಳಗಿನ ಲೈನರ್ ಕಾಣಿಸದು. ಹ್ಯಾಂಡ್‌ಬ್ರೇಕು ಹಿಂದಿಗಿಂತ ಹೆಚ್ಚು ಮೇಲೆ ಬರುತ್ತಿದ್ದರೆ ಅಲ್ಲೂ ಕೆಲಸವಿದೆಯೆಂದು ತಿಳಿಯುವುದು.

ಫಲಶ್ರುತಿ

ಸಂಗಂ ಕಾಲದ ತಗಡೂರಿನ ಅರಸ ಅದಿಯಮಾನ್, ದೀರ್ಘಾಯುಸ್ಸು ಕೊಡುವ ನೆಲ್ಲಿಕಾಯಿ ದೊರೆತಾಗ ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನೆಂದು ಪ್ರತೀತಿ. ಆ ಕಾಯಿ ಇದ್ದದ್ದು ಒಂದೇ. ಬ್ರೇಕ್ ಪ್ಯಾಡು ಅದೇ ಊರಿನ ಸ್ಪೇರ್ ಅಂಗಡಿಯಲ್ಲಿ ನಾಲ್ಕರ ಸೆಟ್ಟಾಗಿ ಸಿಗುತ್ತದೆ, ಕೇಳಿದರೆ ಬಿಲ್ಲೂ ಕೊಡುತ್ತಾರೆ.