ಧ್ರುವದ ದವನ ನಾಲ್ಕು ತಾಲ್ಲೂಕುಗಳಲ್ಲಿ ಬೆಳೆಯದಿರುವ ಬಗೆ: ಒಂದು ಮೀಮಾಂಸೆ

1. ಪ್ರತಿಜ್ಞೆ

ಧ್ರುವದ ದವನ, ಅಂದರೆ ಆರ್ಟಿಮೀಸಿಯಾ ಆರ್ಕ್ಟಿಕಾ ಎಂಬ ಗಿಡ, ಅಲಾಸ್ಕಾ, ಸೈಬೀರಿಯಾಗಳ ಚಳಿಯಲ್ಲಿ ಬೆಳೆಯುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಬೆಳೆಯುವುದಿಲ್ಲ. ಮೊದಲನೆಯ ಸಂಗತಿಯ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಎರಡನೆಯದು ಅನಾಥವಾಗಿರುವುದರಿಂದ ಈ ಪ್ರಬಂಧ.

2. ಗೈರುಹಾಜರಿಯ ವ್ಯಾಪ್ತಿ

ಚನ್ನಗಿರಿಯಲ್ಲಿ ಅಡಿಕೆ ತೋಟ ಜಾಗ ಬಿಟ್ಟಿಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯನ್ನು ಭತ್ತ ಹಿಡಿದಿದೆ. 14.5 ಡಿಗ್ರಿ ಅಕ್ಷಾಂಶದ ಆಸುಪಾಸಿನ ಜಗಳೂರಿನಲ್ಲಿ ಹಿಮದ ಮಾತಿರಲಿ, ಮಳೆಗೇ ಬರ. ನ್ಯಾಮತಿಯದು ವಿಶೇಷ ಪ್ರಕರಣ: ಇಲ್ಲಿ ಗಿಡ ಇಲ್ಲದಿರುವುದನ್ನು ಹಿಂದೆ ಹೊನ್ನಾಳಿಯ ಲೆಕ್ಕಕ್ಕೆ ಬರೆಯುತ್ತಿದ್ದರು, ತಾಲ್ಲೂಕಾದ ಮೇಲೆ ಅದಕ್ಕೆ ಸ್ವತಂತ್ರ ಗೈರುಹಾಜರಿ ದೊರೆತಿದೆ.

3. ವರ್ಗೀಕರಣ

1831ರಲ್ಲಿ ಸಸ್ಯಶಾಸ್ತ್ರಜ್ಞ ಲೆಸ್ಸಿಂಗ್ ಈ ಗಿಡವನ್ನು ಪ್ರತ್ಯೇಕ ಪ್ರಭೇದವೆಂದು ಸಾರಿದ. ಮುಂದೆ ಕೆಲವರು ಇದನ್ನು ಆರ್ಟಿಮೀಸಿಯಾ ನಾರ್ವೇಜಿಕಾದ ಉಪಪ್ರಭೇದವಾಗಿಸಿದರು. ನಾರ್ವೇಜಿಕಾ ಹೆಸರು ಅದಕ್ಕೂ ಹಳೆಯದು. ಸಸ್ಯಶಾಸ್ತ್ರದಲ್ಲೂ ಸೀನಿಯಾರಿಟಿಗೇ ಬೆಲೆ. ಅಲಾಸ್ಕಾದ ಗಿಡ ಬೇರು ಕದಲಿಸದೆ ನಾರ್ವೆಯದಾಗುವುದು ಹೇಗೆ ಎಂದು ಶಂಕಿಸುವವರು 1997ನ್ನು ನೆನೆಯಬೇಕು. ಆ ವರ್ಷ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ದಾವಣಗೆರೆಗೆ ಬಂದವು. ಒಂದು ಅಡಿಕೆ ಮರವೂ ಅಲುಗಲಿಲ್ಲ. ಕಂದಾಯ ಇಲಾಖೆಗೆ ಸಾಧ್ಯವಾದದ್ದು ಸಸ್ಯಶಾಸ್ತ್ರಕ್ಕೆ ಯಾಕಾಗಬಾರದು? ನ್ಯಾಮತಿಯಂತೂ ಉಪಪ್ರಭೇದವೊಂದು ಬಡ್ತಿ ಪಡೆದು ಪ್ರಭೇದವಾದುದಕ್ಕೆ ಜೀವಂತ ನಿದರ್ಶನ.

4. ಪೂರ್ವಪಕ್ಷ

ಸಂತೆಯ ಹೂವಮ್ಮನದು ಬೇರೆ ವಾದ. ಆಕೆ ಮಾರುವ ದವನ, ಅಂದರೆ ಆರ್ಟಿಮೀಸಿಯಾ ಪ್ಯಾಲೆನ್ಸ್, ಇದೇ ಕುಲದ್ದು. ದವನದ ಹುಣ್ಣಿಮೆಗೆ ದೇವರ ಮುಡಿಗೇರುವಾಗ ಅದರ ಉಪಪ್ರಭೇದವನ್ನು ಯಾವ ಪೂಜಾರಿಯೂ ಕೇಳಿಲ್ಲ. ಗಣಪತಿಗೆ ಏರಿಸುವ ಮಾಚಿಪತ್ರೆಯೂ ಇದೇ ಕುಲ. ಗುರುತಿಸುವ ಲಕ್ಷಣಗಳನ್ನು ಕೇಳಿದಾಗ ಹೂವಮ್ಮ, "ಮೂಸಿ ನೋಡ್ರಿ, ಗೊತ್ತಾಕ್ಕತಿ" ಅಂದಳು. ಈ ವಿಧಾನಕ್ಕೆ ಲ್ಯಾಟಿನ್ ಹೆಸರಿಲ್ಲವಾದ್ದರಿಂದ ತಿರಸ್ಕರಿಸಲಾಗಿದೆ.

5. ಸಿದ್ಧಾಂತ

ಗೈರುಹಾಜರಿಯ ಅಧ್ಯಯನಕ್ಕೆ ಕೇಂದ್ರವೊಂದು ಬೇಕು. ಗಿಡ ನಾಲ್ಕೂ ಕಡೆ ಸಮಪ್ರಮಾಣದಲ್ಲಿ ಇಲ್ಲದಿರುವುದರಿಂದ, ಕೇಂದ್ರ ನಮ್ಮಲ್ಲೇ ಆಗಬೇಕೆಂದು ನಾಲ್ಕೂ ತಾಲ್ಲೂಕುಗಳು ಬಂದ್ ಕರೆಯಬಹುದು. ನಿವೇಶನಕ್ಕೆ ಮಾತ್ರ ಯಾವ ಜಾಗ ಗೊತ್ತುಮಾಡಿದರೂ ಅಲ್ಲಿ ಪಾರ್ಥೇನಿಯಂ ಆಗಲೇ ಹಾಜರಿರುತ್ತದೆ. ಅದೂ ಇದೇ ಸೂರ್ಯಕಾಂತಿ ಕುಟುಂಬದ್ದು. ಅಮೆರಿಕ ಖಂಡದಿಂದ ಬಂದದ್ದು. ಅದನ್ನು ತಿನ್ನಲು 1980ರ ದಶಕದಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿಗೆ ತರಿಸಿದ್ದೂ ಆಯಿತು. ಪಾರ್ಥೇನಿಯಂ ಯಾವ ಜಿಲ್ಲೆಯ ಗಿಡ ಎಂದು ಇಂದಿಗೂ ಯಾರೂ ಕೇಳಿಲ್ಲ. ಅದೂ ಯಾರ ಅಪ್ಪಣೆಯನ್ನೂ ಕೇಳಿಲ್ಲ.